ಬೆಳಕು ಓಡುತ್ತದೆ, ಕುಂಚ ನಿಧಾನ: ಏನು ಮಾಡಲಿ?

ಪ್ರಶ್ನೆ: ಭಾನುವಾರ ಬೆಳಿಗ್ಗೆ ಕೆರೆ ದಂಡೆಯಲ್ಲಿ ಕೂತು ಬಣ್ಣದ ಚಿತ್ರ ಬರೆಯುತ್ತೇನೆ. ಅರ್ಧ ಆಗುವಷ್ಟರಲ್ಲಿ ನೆರಳೆಲ್ಲ ಸರಿದುಹೋಗಿರುತ್ತದೆ. ಮನೆಗೆ ತಂದು ತಿದ್ದಿದರೆ ಮೋಸ ಅನ್ನಿಸುತ್ತದೆ. ಫ್ರಾನ್ಸಿನ ಕ್ಲೋದ್ ಮೋನೆ ಎಲ್ಲವನ್ನೂ ಬಯಲಲ್ಲೇ ಮುಗಿಸುತ್ತಿದ್ದನಂತೆ. ಹೇಗೆ?

ಉತ್ತರ: ಮುಗಿಸುತ್ತಿರಲಿಲ್ಲ! ಆ ಸುದ್ದಿ ಹಬ್ಬಿದ್ದಕ್ಕೆ ಅವನದ್ದೂ ಪಾಲಿದೆ. 1880ರಲ್ಲಿ ಪತ್ರಕರ್ತನೊಬ್ಬನ ಮುಂದೆ, ತನಗೆ ಸ್ಟುಡಿಯೋ ಅನ್ನೋದೇ ಇಲ್ಲ, ಈ ಬಯಲೇ ಎಲ್ಲ ಎಂದಿದ್ದ. ಆದರೆ ರೂಆನ್ ಚರ್ಚಿನ ಚಿತ್ರಗಳನ್ನು 1892 ಮತ್ತು 1893ರಲ್ಲಿ ಆ ಊರಿನಲ್ಲಿ ಬರೆದು, ಝಿವರ್ನಿಯ ಮನೆಗೆ ತಂದು, 1894ರವರೆಗೂ ತಿದ್ದುತ್ತಲೇ ಇದ್ದ. ನಿಮ್ಮದು ಮೋಸ ಆದರೆ ಅವನದ್ದೂ ಮೋಸವೇ.

ಹಾಗಂತ ಬಯಲ ಕೆಲಸದಲ್ಲಿ ಅವನು ಹಠಮಾರಿ. ಹದಿಹರೆಯದಲ್ಲಿ ಲ ಆವ್ರ್ ಊರಿನಲ್ಲಿ ಜನರ ವ್ಯಂಗ್ಯಚಿತ್ರ ಬರೆದು ಮಾರುತ್ತಿದ್ದವನನ್ನು ಬೂದ್ಯಾಂ ಎಂಬ ಹಿರಿಯ ಕಲಾವಿದ ಹೊರಗೆ ಕರೆದೊಯ್ದ. ಆ ಗೀಳು ಕೊನೆವರೆಗೂ ಬಿಡಲಿಲ್ಲ. 1885ರಲ್ಲಿ ಎಟ್ರೆಟಾ ಕಡಲತೀರದಲ್ಲಿ ದೊಡ್ಡ ಅಲೆಯೊಂದು ಅವನನ್ನೂ ಚಿತ್ರವನ್ನೂ ಒಟ್ಟಿಗೆ ಎಳೆದುಕೊಂಡಿತ್ತು. 1891ರಲ್ಲಿ ಬರೆಯುತ್ತಿದ್ದ ಪಾಪ್ಲರ್ ಮರಗಳು ಹರಾಜಿಗೆ ಬಂದವು. ಚಿತ್ರ ಮುಗಿಯುವ ತನಕ ಕಡಿಯಬೇಡಿ ಅಂತ ಮರದ ವ್ಯಾಪಾರಿಗೆ ಕೈಯಿಂದ ದುಡ್ಡು ಕೊಟ್ಟ!

ಬೆಳಕಿಗೆ ಅವನು ಕಂಡುಕೊಂಡ ಉಪಾಯ ಸರಳ: ಒಂದು ಚಿತ್ರದ ಹಿಂದೆ ಓಡಬೇಡ, ಹಲವು ಇಟ್ಟುಕೋ. 1890–91ರಲ್ಲಿ ಮನೆ ಹತ್ತಿರದ ಬಣವೆಗಳನ್ನೇ ಸುಮಾರು 25 ಸಲ ಬರೆದ. ಬೆಳಕು ತಿರುಗಿದ ಕೂಡಲೇ ಒಂದು ಕ್ಯಾನ್ವಾಸ್ ಇಳಿಸಿ ಇನ್ನೊಂದನ್ನು ಏರಿಸುತ್ತಿದ್ದ. ಪಾಪ್ಲರ್ ಚಿತ್ರಗಳಲ್ಲಿ ಒಂದಕ್ಕೆ ಬೇಕಾದ ಬೆಳಕು ದಿನಕ್ಕೆ ಸಿಗುತ್ತಿದ್ದದ್ದು ಏಳೇ ನಿಮಿಷವಂತೆ. ಅಷ್ಟಕ್ಕೇ ನಿಲ್ಲಿಸಿ, ಮಾರನೇ ದಿನ ಅದೇ ಹೊತ್ತಿಗೆ ಮತ್ತೆ ಶುರು. ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಏಳು ಗಂಟೆಯ ನೆರಳಿನ ಮೇಲೆ ಒಂಬತ್ತರ ನೆರಳು ಬಳಿಯುತ್ತೇವೆ, ಚಿತ್ರ ಮಂಕಾಗುತ್ತದೆ, ತಪ್ಪು ಬಣ್ಣದ್ದು ಅಂದುಕೊಳ್ಳುತ್ತೇವೆ.

ನಿಮಗೆ 25 ಬೇಡ, ಎರಡು ಸಾಕು. ಹಿಂಬದಿಯಲ್ಲಿ ಸಮಯ ಬರೆದಿಡಿ: ಒಂದು ಏಳರದ್ದು, ಒಂದು ಎಂಟೂವರೆಯದ್ದು. ಮುಂದಿನ ವಾರ ಅದೇ ಜಾಗ, ಅದೇ ಹೊತ್ತು. ಅವತ್ತು ಮೋಡ ಕವಿದಿದ್ದರೆ ಹಳೆಯದನ್ನು ಮುಟ್ಟಬೇಡಿ, ಮೂರನೆಯದು ಶುರು ಮಾಡಿ.