ಬಾತ್‌ರೂಮ್ ವಾಸನೆ: ಮೊದಲು ಜಾಲರಿ ಎತ್ತಿ ನೋಡಿ, ಗಿಡ ಆಮೇಲೆ

ಅಕ್ಕಾ, ನಮಸ್ಕಾರ. ದಿನಾ ಫಿನಾಯಿಲ್ ಹಾಕಿ ತೊಳೆದರೂ ಮಧ್ಯಾಹ್ನದ ಹೊತ್ತಿಗೆ ಬಾತ್‌ರೂಮಿನಲ್ಲಿ ಮತ್ತೆ ವಾಸನೆ ಬರುತ್ತದೆ, ಒಳಗೆ ಯಾವ ಗಿಡ ಇಟ್ಟರೆ ಘಮಘಮ ಅನ್ನುತ್ತದೆ ಅಂತ ಕೇಳಿದ್ದೀರಿ. ಮೇಲೆ ಕೆಲವರು ಮನಿ ಪ್ಲಾಂಟ್ ಅಂದಿದ್ದಾರೆ, ಕೆಲವರು ಕರ್ಪೂರ, ಬಯೋ ಎಂಜೈಮ್ ಅಂದಿದ್ದಾರೆ. ಕೈತೋಟದ ಗುಂಪಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಗಿಡದಿಂದ ಈ ವಾಸನೆ ಹೋಗುವುದಿಲ್ಲ. ತೊಳೆದ ಕೆಲವೇ ಗಂಟೆಗಳಲ್ಲಿ ವಾಪಸ್ ಬರುತ್ತಿದೆ ಅಂದರೆ ಅದು ಹೆಚ್ಚಾಗಿ ನೆಲದ ಕೆಳಗಿನ ಪೈಪಿನಿಂದ ಬರುವ ವಾಸನೆ. ಅದರ ದಾರಿ ಮುಚ್ಚಿದ ಮೇಲೆ ಘಮದ ಮಾತು. ಘಮಕ್ಕೆ ಒಂದು ಒಳ್ಳೆಯ ಗಿಡ ಇದೆ, ಕೊನೆಗೆ ಬರೆದಿದ್ದೇನೆ.

ಮೊದಲು ನೀರು ಹೋಗುವ ಜಾಲರಿ ಎತ್ತಿ ನೋಡಿ. ಪ್ಲಂಬರ್‌ಗಳು ನಾನಿ ಟ್ರ್ಯಾಪ್ ಅನ್ನುವುದು ಅದರ ಕೆಳಗಿರುವ ಭಾಗಕ್ಕೆ. ಅಲ್ಲಿ ಯಾವಾಗಲೂ ಸುಮಾರು 50 ಮಿಲಿಮೀಟರ್, ಅಂದರೆ ಎರಡು ಇಂಚು ನೀರು ನಿಂತಿರಬೇಕು. ಚರಂಡಿ ಪೈಪಿನ ಗಾಳಿ ಮನೆಯೊಳಗೆ ಬರದ ಹಾಗೆ ತಡೆಯುವುದು ಆ ನೀರು ಮಾತ್ರ. ಅತಿಥಿಗಳಿಗೆ ಅಂತ ಬಿಟ್ಟ ಬಾತ್‌ರೂಮಿನಲ್ಲಿ ಬೇಸಿಗೆಯಲ್ಲಿ ಅದು ಆವಿಯಾಗಿ ಹೋಗುತ್ತದೆ. ವಾರಕ್ಕೆ ಒಂದು ಸಲ ಎರಡು ಚೊಂಬು ನೀರು ಹಾಕಿದರೆ ಸಾಕು. ತಿಂಗಳುಗಟ್ಟಲೆ ಊರಿಗೆ ಹೋಗುವವರು ನೀರು ಹಾಕಿದ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ತೇಲುತ್ತದೆ, ಕೆಳಗಿನ ನೀರು ಬೇಗ ಆರುವುದಿಲ್ಲ.

ಇನ್ನೊಂದು ವಿಷಯ ತುಂಬಾ ಮನೆಗಳಲ್ಲಿ ಇರುತ್ತದೆ. ಕೆಲವು ಜಾಲರಿಗಳ ಅಡಿಯಲ್ಲಿ ಬೋರಲು ಹಾಕಿದ ಸಣ್ಣ ಕಪ್ ಇರುತ್ತದೆ. ನೀರು ನಿಧಾನ ಹೋಗುತ್ತದೆ ಅಂತ ಕೆಲಸದವರೋ ಮನೆಯವರೋ ಅದನ್ನು ಕಿತ್ತು ಎಸೆದಿರುತ್ತಾರೆ. ಆ ಥರದ ಟ್ರ್ಯಾಪಿನಲ್ಲಿ ಕಪ್ ಹೋಯಿತು ಅಂದರೆ ತಡೆಯೇ ಹೋಯಿತು. ನೀರು ಸಲೀಸಾಗಿ ಹೋಗುತ್ತದೆ, ವಾಸನೆ ಜೊತೆಗೆ ಜಿರಳೆಯೂ ಸಲೀಸಾಗಿ ಬರುತ್ತದೆ. ನಿಮ್ಮ ಜಾಲರಿಯ ಅಳತೆ ತೆಗೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಕಾಕ್ರೋಚ್ ಟ್ರ್ಯಾಪ್ ಇರುವ ಜಾಲರಿ ಕೊಡಿ ಅಂತ ಕೇಳಿ.

ಟ್ರ್ಯಾಪಿನಲ್ಲಿ ಕೂದಲು, ಸೋಪಿನ ಜಿಡ್ಡು ಸೇರಿ ಕಪ್ಪು ಲೋಳೆ ಕಟ್ಟಿರುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಸೋಪು ಕರಗದೆ ಕೆನೆಗಟ್ಟುತ್ತದೆ, ಲೋಳೆ ಇನ್ನೂ ಜಾಸ್ತಿ. ಫಿನಾಯಿಲ್ ಇದರ ಮೇಲೆ ಹರಿದು ಹೋಗುತ್ತದೆ ಅಷ್ಟೇ, ಒಳಗೆ ಇಳಿಯುವುದಿಲ್ಲ. ಗೋಡೆಯ ಮೇಲೆ ಬೂದು ಬಣ್ಣದ, ಪುಟ್ಟ ಪತಂಗದ ಹಾಗಿರುವ ನೊಣ ಕೂತಿರುತ್ತಾ ನೋಡಿ. ಕೂತಿದ್ದರೆ ಅದರ ಮರಿಹುಳು ಈ ಲೋಳೆಯಲ್ಲೇ ಬೆಳೆಯುತ್ತಿದೆ ಅಂತ ಅರ್ಥ. ಸ್ಪ್ರೇ ಹೊಡೆದರೆ ಹಾರುವ ನೊಣ ಸಾಯುತ್ತದೆ, ಮತ್ತೆ ಬರುತ್ತದೆ. ಕೈಗೆ ಗ್ಲೌಸ್ ಹಾಕಿ ಕೂದಲು ತೆಗೆಯಿರಿ. ಹಳೆಯ ಬ್ರಷ್, ಎರಡು ಚಮಚ ವಾಷಿಂಗ್ ಸೋಡಾ, ಕೈ ತಾಳುವಷ್ಟು ಬಿಸಿ ನೀರು, ಇಷ್ಟರಿಂದ ಒಳಗೋಡೆ ಉಜ್ಜಿ. ಕುದಿಯುವ ನೀರು ಬೇಡ, ಪಿವಿಸಿ ಪೈಪ್ ಮೆತ್ತಗಾಗುತ್ತದೆ. ಮೇಲೆ ಒಬ್ಬರು ಅಡುಗೆ ಸೋಡಾ, ವಿನಿಗರ್ ಒಟ್ಟಿಗೆ ಸುರಿಯಿರಿ ಅಂದಿದ್ದಾರೆ. ನೊರೆ ಬರುವುದು ನೋಡಲು ಚೆನ್ನಾಗಿರುತ್ತದೆ, ಆದರೆ ಎರಡೂ ಒಂದನ್ನೊಂದು ಕೊಂದುಕೊಂಡು ಕೊನೆಗೆ ಉಳಿಯುವುದು ಉಪ್ಪು ನೀರಿನಂಥದ್ದು. ಉಜ್ಜುವ ಕೆಲಸವನ್ನು ಅದು ಮಾಡುವುದಿಲ್ಲ.

ಆಮೇಲೆ ವಾಶ್ ಬೇಸಿನ್ ಕೆಳಗೆ ಬಗ್ಗಿ ನೋಡಿ. ಮಡಿಕೆ ಮಡಿಕೆಯ ಪ್ಲಾಸ್ಟಿಕ್ ಪೈಪನ್ನು ಗೋಡೆಯ ಅಥವಾ ನೆಲದ ತೂತಿಗೆ ಸುಮ್ನೆ ತುರುಕಿರುತ್ತಾರೆ. ಸುತ್ತ ಬೆರಳು ತೂರುವಷ್ಟು ಸಂದಿ ಇರುತ್ತದೆ. ಅಲ್ಲಿಗೊಂದು ರಬ್ಬರ್ ಕಾಲರ್ ಹಾಕಿಸಿ, ಇಲ್ಲದಿದ್ದರೆ ಸಿಲಿಕಾನ್ ಹಚ್ಚಿಸಿ. ಬೇಸಿನ್ನಿನ ಮೇಲ್ಗಡೆ ಇರುವ ಸಣ್ಣ ತೂತಿನೊಳಗೂ ಲೋಳೆ ಕೂತಿರುತ್ತದೆ, ಬಾಟಲಿ ತೊಳೆಯುವ ಬ್ರಷ್ ಅಲ್ಲಿಗೆ ಸರಿಹೋಗುತ್ತದೆ.

ಯಾವ ತೂತಿನಿಂದ ಬರುತ್ತಿದೆ ಅಂತ ಗೊತ್ತಾಗದಿದ್ದರೆ ಹೀಗೆ ಮಾಡಿ. ರಾತ್ರಿ ನೆಲ ವೈಪರ್ ಹಾಕಿ ಒಣಗಿಸಿ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅರ್ಧ ನೀರು ತುಂಬಿ, ಬಿಗಿಯಾಗಿ ಕಟ್ಟಿ, ಜಾಲರಿಯ ಮೇಲೆ ಕೂರಿಸಿ. ಫ್ಯಾನ್ ಆರಿಸಿ, ಬಾಗಿಲು ಹಾಕಿ ಮಲಗಿ. ಬೆಳಿಗ್ಗೆ ಬಾಗಿಲು ತೆಗೆದ ತಕ್ಷಣ ಮೂಸಿ ನೋಡಿ. ವಾಸನೆ ಕಡಿಮೆ ಇದ್ದರೆ ಕಳ್ಳ ಸಿಕ್ಕ. ಹಾಗೇ ಇದ್ದರೆ ಮಾರನೆ ರಾತ್ರಿ ಬೇಸಿನ್ ಪೈಪಿನ ಸಂದಿಗೆ ಒದ್ದೆ ಬಟ್ಟೆ ಸುತ್ತಿ ನೋಡಿ. ಪ್ಲಂಬರನ್ನು ಕರೆಸುವ ಮೊದಲು ಇದನ್ನು ಮಾಡಿದರೆ ಟೈಲ್ಸ್ ಒಡೆಸುವ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ಮೇಲಿನ ಮನೆಯವರು ಫ್ಲಶ್ ಮಾಡಿದಾಗ ನಿಮ್ಮ ಜಾಲರಿಯಲ್ಲಿ ಗುಳುಗುಳು ಸದ್ದು ಬರುತ್ತಾ? ಬಂದರೆ ನಿಮ್ಮ ಟ್ರ್ಯಾಪಿನ ನೀರನ್ನು ಮೇಲಿನ ಮನೆಯಿಂದ ಇಳಿದು ಬರುವ ಪೈಪ್ ಎಳೆದುಕೊಳ್ಳುತ್ತಿದೆ. ಇದಕ್ಕೆ ಹೆಚ್ಚಾಗಿ ಕಾರಣ ಚರಂಡಿ ಪೈಪಿಗೆ ಗಾಳಿ ಆಡಲು ತಾರಸಿಯ ಮೇಲೆ ಬಿಟ್ಟಿರುವ ಗಾಳಿ ಪೈಪ್ ಮುಚ್ಚಿಹೋಗಿರುವುದು. ಈ ಮಾತು ತಾರಸಿ ತೋಟ ಮಾಡುವ ಎಲ್ಲರಿಗೂ. ಕುಂಡದ ಹತ್ತಿರ ವಾಸನೆ ಅಂತ ಆ ಪೈಪಿಗೆ ದಯವಿಟ್ಟು ಮುಚ್ಚಳ ಹಾಕಬೇಡಿ. ತಲೆಗಿಂತ ಎತ್ತರಕ್ಕೆ ಇನ್ನೊಂದು ತುಂಡು ಪೈಪ್ ಜೋಡಿಸಿ, ಬಾಯಿಗೆ ಸೊಳ್ಳೆ ಪರದೆಯ ಜಾಲರಿ ಕಟ್ಟಿ. ಪಿಟ್ ಇರುವ ಸ್ವಂತ ಮನೆಗಳಿಗೂ ಇದೇ ಮಾತು.

ಕಮೋಡಿನ ಅಂಚಿನ ಕೆಳಗೆ ಹಳದಿ ಕಲ್ಲಿನಂತೆ ಕಟ್ಟಿರುತ್ತದೆ. ಅದು ಮೂತ್ರದ ಉಪ್ಪು, ಗಡಸು ನೀರಿನ ಸುಣ್ಣ ಎರಡೂ ಸೇರಿ ಆದದ್ದು. ಎಷ್ಟು ಫಿನಾಯಿಲ್ ಹಾಕಿದರೂ ಕರಗುವುದಿಲ್ಲ, ಹುಳಿ ಬೇಕು. ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಸಿಗುವ ಸಿಟ್ರಿಕ್ ಆಸಿಡ್ ಪುಡಿ ಎರಡು ಮೂರು ಚಮಚ ಉದುರಿಸಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ಉಜ್ಜಿ. ಹಳೆಯ ಮನೆಗಳಲ್ಲಿ ಕಡಪ ಕಲ್ಲು ಅಥವಾ ಮಾರ್ಬಲ್ ಹಾಕಿದ್ದರೆ ಅದರ ಮೇಲೆ ಹುಳಿ ಬೀಳದಂತೆ ನೋಡಿಕೊಳ್ಳಿ. ಎರಡೂ ಸುಣ್ಣದ ಜಾತಿಯ ಕಲ್ಲು, ಹುಳಿ ಅವನ್ನು ತಿನ್ನುತ್ತದೆ.

ಒಂದು ಎಚ್ಚರಿಕೆ, ಇದನ್ನು ಮನೆಗೆಲಸದವರಿಗೂ ಹೇಳಿ. ಟಾಯ್ಲೆಟ್ ಕ್ಲೀನರ್ ಆಗಲಿ, ಆಸಿಡ್ ಆಗಲಿ, ಬ್ಲೀಚಿಂಗ್ ಪೌಡರ್ ಜೊತೆ ಎಂದೂ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಬಾತ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ತೊಳೆಯುವವರ ಶ್ವಾಸಕೋಶಕ್ಕೆ ಅದು ದೊಡ್ಡ ಅಪಾಯ. ಒಂದು ದಿನ ಒಂದೇ ಸಾಮಾನು ಬಳಸಿ.

ಬಯೋ ಎಂಜೈಮ್ ಬಗ್ಗೆ ಕೇಳಿದ್ದರು. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಅಥವಾ ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು, ಇವನ್ನು ಸೇರಿಸಿ ಮೂರು ತಿಂಗಳು ಹುದುಗಲು ಬಿಟ್ಟರೆ ಸಿಗುವ ತೊಳೆಯುವ ದ್ರವ ಅದು. ಗಾಜಿನ ಬಾಟಲಿ ಬೇಡ, ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಿ. ದಿನದ ನೆಲ ಒರೆಸಲು ನನಗೆ ಇದು ಫಿನಾಯಿಲ್‌ಗಿಂತ ಇಷ್ಟ. ಆದರೆ ಕಲ್ಲಾದ ಕರೆಗೆ ಇದರ ಶಕ್ತಿ ಸಾಲದು.

ಗಾಳಿಯ ವಿಷಯ. ಸ್ನಾನವಾದ ಮೇಲೆ ಎಕ್ಸಾಸ್ಟ್ ಫ್ಯಾನ್ ಇಪ್ಪತ್ತು ನಿಮಿಷವಾದರೂ ಓಡಲಿ. ಫ್ಯಾನ್ ಪಕ್ಕದ ಕಿಟಕಿ ತೆರೆದಿಟ್ಟರೆ ಅದು ಆ ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಹಾಕುತ್ತದೆ, ಮೂಲೆಯ ತೇವ ಅಲ್ಲೇ ಉಳಿಯುತ್ತದೆ. ಕಿಟಕಿ ಮುಚ್ಚಿ, ಬಾಗಿಲ ಕೆಳಗೆ ಸಂದಿ ಬಿಡಿ. ಹಳೆಯ ಬಚ್ಚಲು ಮನೆಯಲ್ಲಿ ಹಂಡೆಯ ಒಲೆ ಉರಿಯುತ್ತಿದ್ದುದರಿಂದ ಗೋಡೆ ತಾನಾಗಿ ಒಣಗುತ್ತಿತ್ತು. ಈಗ ಆ ಕೆಲಸ ಫ್ಯಾನ್ ಮತ್ತು ವೈಪರ್ ಮಾಡಬೇಕು. ಬಕೆಟ್, ಮಗ್‌ಗಳ ತಳ ತಿರುಗಿಸಿ ನೋಡಿ, ಲೋಳೆ ಇರುತ್ತದೆ. ಕಾಲೊರೆಸುವ ಬಟ್ಟೆ, ಟವೆಲ್ ಬಿಸಿಲಿಗೆ ಹೋಗಲಿ. ಬಿಸಿ ನೀರು ಬಿಟ್ಟಾಗ ಮಾತ್ರ ಕೊಳೆತ ಮೊಟ್ಟೆ ವಾಸನೆ ಬಂದರೆ ಅದು ಗೀಸರ್‌ನದು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ಒಳಗೆ ಹಾಕಿರುವ ಆನೋಡ್ ರಾಡ್ ಬದಲಿಸಿ, ಟ್ಯಾಂಕ್ ತೊಳೆಸಬೇಕು.

ಈಗ ಗಿಡ. ಮನಿ ಪ್ಲಾಂಟ್ ಮಂದ ಬೆಳಕಿನಲ್ಲೂ ಬದುಕುತ್ತದೆ, ಕಣ್ಣಿಗೆ ತಂಪು, ಇಡಿ. ಆದರೆ ಅದು ಗಾಳಿ ಶುದ್ಧ ಮಾಡುತ್ತದೆ ಅನ್ನುವ ಮಾತು ಹರಡಿದ್ದು 1989ರ ನಾಸಾ ಪ್ರಯೋಗದಿಂದ. ಅದು ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ ಪ್ರಯೋಗ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಲೆಕ್ಕ ಹಾಕಿದವರು, ಮನೆಯಲ್ಲಿ ಸಹಜವಾಗಿ ಆಡುವ ಗಾಳಿಯ ಸಮಕ್ಕೆ ಬರಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಅಂದರು. ಒಂದು ಕುಂಡದಿಂದ ಅದು ಆಗದು. ಮಲ್ಲಿಗೆ ಬಟ್ಟಲು ಇಟ್ಟರೆ ಮಾರನೆ ದಿನ ಅದೇ ಕೊಳೆತು ನಾರುತ್ತದೆ. ದವನ, ಮರುಗ ಒಣಗಿಸಿ ಪೊಟ್ಟಣ ಕಟ್ಟಿದರೆ ತೇವಕ್ಕೆ ಬೂಸ್ಟು ಹಿಡಿಯುತ್ತದೆ. ನುಸಿಗುಳಿಗೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಕೆಲವು ಮಕ್ಕಳಿಗೆ ಅದರಿಂದ ರಕ್ತಕಣಗಳೇ ಒಡೆಯುತ್ತವೆ.

ಬಾತ್‌ರೂಮಿಗೆ ಹೇಳಿ ಮಾಡಿಸಿದ್ದು ಲಾವಂಚ. ಉಳಿದ ಘಮದ ವಸ್ತುಗಳಿಗೆ ತೇವ ಆಗದು, ಲಾವಂಚದ ಬೇರು ತೇವ ತಾಗಿದಾಗಲೇ ಜಾಸ್ತಿ ಘಮಿಸುತ್ತದೆ. ಒಂದು ಹಿಡಿ ಒಣ ಬೇರನ್ನು ದಾರದಲ್ಲಿ ಕಟ್ಟಿ, ನೀರು ನೇರ ಬೀಳದ ಕಡೆ, ಫ್ಯಾನಿಗೆ ಎದುರಾಗಿ ತೂಗು ಹಾಕಿ. ಸ್ನಾನದ ಹಬೆಯೇ ಸಾಕಾಗುತ್ತದೆ. ವಾರಕ್ಕೊಂದು ಸಲ ಬಿಸಿಲಿಗೆ ಹಾಕಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಅದಕ್ಕೂ ಬೂಸ್ಟು ಬರಬಹುದು. ಘಮ ಕುಗ್ಗಿದರೆ ನೀರಲ್ಲಿ ಅದ್ದಿ ಮತ್ತೆ ಒಣಗಿಸಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಉತ್ತರ ಕನ್ನಡದ ಕರಾವಳಿ ಕಡೆ ಹೋದರೆ ಲಾವಂಚದಲ್ಲಿ ಹೆಣೆದ ಟೋಪಿ, ಚೀಲ, ಗಣಪತಿ ಕೂಡ ಮಾರುತ್ತಾರೆ.

ಬೆಳೆಸುವುದೂ ಸುಲಭ. ಬೇರು ನೇರ ಕೆಳಗಿಳಿಯುವುದರಿಂದ ಅಗಲದ ಕುಂಡ ಬೇಡ, ಎತ್ತರದ ಡ್ರಮ್ ಅಥವಾ ಗೋಣಿಚೀಲ ಬೇಕು. ಮರಳು ಜಾಸ್ತಿ, ಮಣ್ಣು ಕಡಿಮೆ, ಸ್ವಲ್ಪ ಗೊಬ್ಬರ, ಪೂರ್ತಿ ಬಿಸಿಲು. ಒಂದೂವರೆ ವರ್ಷಕ್ಕೆ ಚೀಲ ಹರಿದು ಬೇರು ತೆಗೆಯಬಹುದು, ಬುಡದ ಮರಿಗಳನ್ನು ಮತ್ತೆ ನೆಡಬಹುದು. ಮಳೆ ಹಿಡಿದ ಮೇಲೆ ನಮ್ಮ ಡ್ರಮ್ಮಿನ ಲಾವಂಚದ ಮರಿ ಬೇರ್ಪಡಿಸುತ್ತೇನೆ. ಅಕ್ಕಾ, ನಿಮಗೆ ಎರಡು ಎತ್ತಿಡುತ್ತೇನೆ. ಬೇರೆ ಯಾರಿಗೆ ಬೇಕೋ ಇದರ ಕೆಳಗೇ ಹೇಳಿ.