ಎಸ್ಪೂ ಚಳಿಗಾಲ: ಸಾಗರದ ತಂಗಿಗೆ ಒಂದು ಉತ್ತರ

ತಂಗಿ,

ನಿನ್ನ ಪತ್ರ ಓದಿದೆ. "ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತೆ ಅಕ್ಕ. ರೂಮು, ಕ್ಲಾಸು, ಮತ್ತೆ ರೂಮು. ಡಿಸೈನ್ ಓದೋಕೆ ಅಂತ ಸಾಗರದಿಂದ ಇಷ್ಟು ದೂರ ಬಂದೆ, ಈಗ ಪೆನ್ಸಿಲ್ ಹಿಡಿಯೋಕೂ ಮನಸ್ಸಿಲ್ಲ. ಊರಿಗೆ ವಾಪಸ್ ಹೋಗಿಬಿಡೋಣ ಅನ್ನಿಸುತ್ತೆ. ನೀವು ಇಷ್ಟು ವರ್ಷ ಫಿನ್‌ಲೆಂಡಿನಲ್ಲಿ ಹೇಗಿದ್ದೀರಿ?" ಅಂತ ಕೇಳಿದ್ದೀಯ. ನಾನೀಗ ತೀರ್ಥಹಳ್ಳಿ ಹತ್ತಿರ ನಮ್ಮನೆಯಲ್ಲಿದ್ದೇನೆ. ಅಡಿಕೆ ಕೊಯ್ಲು ಜೋರಾಗಿ ನಡೆಯುತ್ತಿದೆ. ಹಗಲೆಲ್ಲ ಅಂಗಳದ ಕೆಲಸ, ರಾತ್ರಿ ಸುಲಿಯೋ ಕೆಲಸ. ಉತ್ತರ ತಡವಾಗಿದ್ದು ಅದಕ್ಕೇ.

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ದಿನಾ ಹೊರಗೆ ಹೋಗು. ಬೆಳಕಿರುವಾಗಲೇ ಹೋಗು. ಒಂದೇ ಜಾಗಕ್ಕೆ ಹೋಗು. ಈಗ ಉಳಿದದ್ದನ್ನು ಬಿಡಿಸಿ ಹೇಳುತ್ತೇನೆ.

ನಿನಗೆ ಆಗುತ್ತಿರುವುದು ಸೋಮಾರಿತನ ಅಲ್ಲ. ಡಿಸೆಂಬರ್ 21ರ ಸುಮಾರಿಗೆ ಹೆಲ್ಸಿಂಕಿ, ಅದರ ಪಕ್ಕದ ನಿನ್ನ ಎಸ್ಪೂ ಕಡೆ ಸೂರ್ಯ ಕಾಣಿಸುವುದು ಆರು ಗಂಟೆಗೂ ಕಡಿಮೆ. ಒಂಬತ್ತೂವರೆ ಹತ್ತಿರ ಹುಟ್ಟಿ ಮೂರೂಕಾಲರ ಒಳಗೆ ಮುಳುಗುತ್ತಾನೆ. ನಮ್ಮ ಶಿವಮೊಗ್ಗದಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ 11 ಗಂಟೆ ದಾಟುತ್ತದೆ. ನಿನ್ನ ಮೈ ಹುಟ್ಟಿದಾಗಿನಿಂದ ಇಷ್ಟು ಕಡಿಮೆ ಬೆಳಕನ್ನು ಕಂಡೇ ಇಲ್ಲ. ಚಳಿಗಾಲದಲ್ಲಿ ಹೀಗೆ ಮನಸ್ಸು ಕುಗ್ಗುವುದನ್ನು ವೈದ್ಯರು 1984ರಲ್ಲೇ ಒಂದು ತೊಂದರೆ ಅಂತ ಗುರುತಿಸಿ ಹೆಸರಿಟ್ಟಿದ್ದಾರೆ. ಅದಕ್ಕೆ ಅಂತಲೇ 10,000 ಲಕ್ಸ್ ಬೆಳಕಿನ ದೀಪ ಅಂಗಡಿಯಲ್ಲಿ ಸಿಗುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಅರ್ಧ ಗಂಟೆ ಅದರ ಮುಂದೆ ಕೂತರೆ ಸಾಕು. ವಿಟಮಿನ್ ಡಿ ಮಾತ್ರೆ ಬಿಡಬೇಡ. ಇಷ್ಟಾಗಿಯೂ ವಾರಗಟ್ಟಲೆ ನಿದ್ದೆ, ಊಟ, ಓದು ಹಳಿಗೆ ಬರದಿದ್ದರೆ ವಿದ್ಯಾರ್ಥಿಗಳ ಆರೋಗ್ಯ ಕೇಂದ್ರಕ್ಕೆ ಹೋಗಿ ಹೇಳು. ಅಲ್ಲಿ ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಸಂಕೋಚ ಬೇಡ.

ಆದರೆ ದೀಪ ಕೊಡುವುದು ಬೆಳಕನ್ನು ಮಾತ್ರ. ನೀನು ಕೇಳಿದ್ದು ಅದಕ್ಕಿಂತ ಜಾಸ್ತಿ. ಕೈಗೆ ಮತ್ತೆ ಹುರುಪು ಬರಬೇಕು ಅಂದರೆ ಕಣ್ಣಿಗೆ ಏನಾದರೂ ಸಿಗಬೇಕು. ಅದು ಸಿಗುವುದು ಹೊರಗೆ.

ನಾವು ಮಲೆನಾಡಿನವರು ಇದಕ್ಕೆ ತಯಾರಾಗಿಯೇ ಹುಟ್ಟಿದವರು ಅಂತ ನಾನು ನಂಬುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ನಮ್ಮ ಊರುಗಳಲ್ಲೂ ಜೂನ್‌ನಿಂದ ಮೂರ್ನಾಲ್ಕು ತಿಂಗಳು ಸೂರ್ಯ ಕಂಡರೆ ಕಂಡ, ಇಲ್ಲದಿದ್ದರೆ ಇಲ್ಲ. ಹಾಗಂತ ಯಾರಾದರೂ ಮನೆಯಲ್ಲಿ ಕೂತರಾ? ನಮ್ಮಜ್ಜಿ ಗೊರಬು ಹಾಕಿಕೊಂಡು ನಟ್ಟಿಗೆ ಹೋಗುತ್ತಿದ್ದರು. ಅಜ್ಜ ಕಂಬಳಿ ಕೊಪ್ಪೆ ಹೊದ್ದು ತೋಟಕ್ಕೆ ಹೋಗುತ್ತಿದ್ದರು. ಮಳೆ ನಿಲ್ಲಲಿ ಅಂತ ಕಾದಿದ್ದರೆ ನಟ್ಟಿಯೇ ಆಗುತ್ತಿರಲಿಲ್ಲ. ಕಳಲೆ, ಅಣಬೆ, ಏಡಿ ಎಲ್ಲ ಸಿಗುವುದೂ ಆ ಮಳೆಯಲ್ಲೇ ಅಲ್ವಾ? ಎಸ್ಪೂ ಚಳಿಗಾಲವನ್ನೂ ಹಾಗೇ ನೋಡು. ಅದು ಕಳೆದುಹೋಗಲಿ ಅಂತ ಕಾಯುವ ಕಾಲ ಅಲ್ಲ. ಅದಕ್ಕೆ ಅದರದ್ದೇ ಬೆಳೆ ಇದೆ.

ಬಟ್ಟೆ ಬಗ್ಗೆ ಒಂದೇ ಮಾತು. ಮೈಗೆ ತಾಗುವುದು ಉಣ್ಣೆ ಇರಲಿ, ಹತ್ತಿ ಬೇಡ. ಹತ್ತಿ ಒದ್ದೆಯಾದರೆ ಮೈಯನ್ನೇ ತಣ್ಣಗೆ ಮಾಡುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಅಜ್ಜನ ಕಂಬಳಿಯ ಗುಟ್ಟೂ ಅದೇ. ಕೋಟಿಗೆ ರಿಫ್ಲೆಕ್ಟರ್ ನೇತುಹಾಕಿಕೋ. ಕತ್ತಲಲ್ಲಿ ರಸ್ತೆಯಲ್ಲಿ ನಡೆಯುವವರಿಗೆ ಅದು ಇರಲೇಬೇಕು ಅಂತ ಅಲ್ಲಿ ಕಾನೂನೇ ಇದೆ.

ಈಗ ಜಾಗ. ನಿನ್ನ ಕ್ಯಾಂಪಸ್ ಇರುವ ಒತಾನಿಯೆಮಿಯ ಪಕ್ಕದಲ್ಲೇ ಲಾಯಲಹ್ತಿ ಅನ್ನುವ ಕೊಲ್ಲಿ ಇದೆ. ಜೊಂಡು, ಆಲ್ಡರ್ ಮರಗಳು, ಹಕ್ಕಿ ನೋಡಲು ಕಟ್ಟಿದ ಮರದ ಗೋಪುರ. ಕ್ಲಾಸಿನ ಮಧ್ಯೆ ನಡೆದೇ ಹೋಗಿ ಬರಬಹುದು. ಇಷ್ಟು ಹತ್ತಿರ ಇಂಥ ಜಾಗ ಇರುವ ವಿದ್ಯಾರ್ಥಿಗಳು ಎಷ್ಟು ಜನ ಇದ್ದಾರೆ ಹೇಳು! ಮಧ್ಯಾಹ್ನ ಹನ್ನೆರಡಕ್ಕೆ ಹೋಗು, ಮೊಬೈಲು ಜೇಬಲ್ಲಿರಲಿ. ಮೋಡ ಕವಿದಿದ್ದರೂ ಪರವಾಗಿಲ್ಲ, ಟ್ಯೂಬ್‌ಲೈಟ್ ಹಾಕಿದ ರೂಮಿಗಿಂತ ಹೊರಗೆ ಎಷ್ಟೋ ಪಟ್ಟು ಬೆಳಕಿರುತ್ತದೆ. ದಿನಾ ಅದೇ ದಾರಿ, ಅದೇ ಮರಗಳು. ಬೇಸರ ಬರುತ್ತದೆ ಅನ್ನಿಸಬಹುದು. ಬರುವುದಿಲ್ಲ. ಜಾಗ ಒಂದೇ ಆದರೆ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ.

ಏನು ನೋಡುವುದು ಅಂತೀಯ? ಮೊದಲು ಮರ ನೋಡು. ನಾವು ವರ್ಷವಿಡೀ ಹಸಿರಾಗಿರುವ ಕಾಡಿನಲ್ಲಿ ಬೆಳೆದವರು. ಮರದ ಮೈಕಟ್ಟು ಹೇಗಿರುತ್ತದೆ ಅಂತ ನಮಗೆ ಸರಿಯಾಗಿ ಕಾಣುವುದೇ ಇಲ್ಲ, ಎಲೆ ಮುಚ್ಚಿರುತ್ತದೆ. ಅಲ್ಲಿ ಎಲೆ ಉದುರಿದ ಮೇಲೆ ಬರ್ಚ್ ಬೇರೆ, ಆಲ್ಡರ್ ಬೇರೆ, ಆಸ್ಪೆನ್ ಬೇರೆ. ಕೊಂಬೆ ಕವಲೊಡೆಯುವ ರೀತಿಯಿಂದಲೇ ಗುರುತು ಹಿಡಿಯಬಹುದು. ಚಿತ್ರ ಬರೆಯುವವಳಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಹತ್ತಿರ ಹೋಗಿ ಕೊಂಬೆಯ ತುದಿ ನೋಡು. ಮುಂದಿನ ವಸಂತದ ಮೊಗ್ಗು ಆಗಲೇ ಅಲ್ಲಿದೆ. ಅದು ಶರತ್ಕಾಲಕ್ಕೆ ಮುಂಚೆಯೇ ತಯಾರಾಗಿ, ಮುಚ್ಚಿಕೊಂಡು ಕೂತಿರುತ್ತದೆ. ಆಲ್ಡರ್ ಮರದ ಹೂಗೊಂಚಲೂ ಹಾಗೇ, ಚಳಿಗಾಲ ಪೂರ್ತಿ ಗಟ್ಟಿಯಾಗಿ ನೇತಾಡುತ್ತಿದ್ದು ಚಳಿ ಬಿಡುತ್ತಿದ್ದಂತೆ ಅರಳುತ್ತದೆ. ಇದನ್ನು ಮೊದಲ ಸಲ ಕಂಡ ದಿನ ನನಗಾದ ಸಮಾಧಾನ ಯಾರ ಮಾತಿನಿಂದಲೂ ಆಗಿರಲಿಲ್ಲ.

ಹಿಮ ಬಿದ್ದ ಮರುದಿನ ಬೆಳಿಗ್ಗೆ ತಪ್ಪದೆ ಹೋಗು. ರಾತ್ರಿ ಯಾರು ಯಾರು ಓಡಾಡಿದರು ಅಂತ ನೆಲದ ಮೇಲೆ ಬರೆದಿರುತ್ತದೆ. ಮೊಲ ಹಾರುವಾಗ ಹಿಂದಿನ ದೊಡ್ಡ ಕಾಲುಗಳು ಮುಂದೆ ಊರುತ್ತವೆ, ಮುಂಗಾಲಿನ ಗುರುತು ಹಿಂದೆ ಉಳಿಯುತ್ತದೆ. ಅದಕ್ಕೇ ಹೊಸಬರು ಅದು ಹೋದ ದಿಕ್ಕನ್ನು ಉಲ್ಟಾ ಓದುತ್ತಾರೆ. ನರಿ ಒಂದೇ ಗೆರೆಯಲ್ಲಿ ನಡೆದಿರುತ್ತದೆ. ಹಿಮದ ಅಡಿಯಲ್ಲೂ ಬದುಕಿದೆ. ಮೇಲೆ ಮೈನಸ್ 15 ಇದ್ದರೂ ದಪ್ಪ ಹಿಮದ ಕೆಳಗೆ ನೆಲದ ಹತ್ತಿರ ಸೊನ್ನೆಯ ಆಸುಪಾಸು ಇರುತ್ತದೆ, ಅಲ್ಲಿ ಚಿಕ್ಕ ಇಲಿಗಳು ಓಡಾಡಿಕೊಂಡಿರುತ್ತವೆ. ಹಿಮದ ನೆರಳನ್ನೂ ಗಮನಿಸು. ಬಿಸಿಲಿದ್ದ ದಿನ ಅದು ನೀಲಿ, ಏಕೆಂದರೆ ನೆರಳಿಗೆ ಬೆಳಕು ಬರುವುದು ಆಕಾಶದಿಂದ. ಬೂದು ಬಣ್ಣ ಹಚ್ಚುವ ಮೊದಲು ಒಮ್ಮೆ ನೋಡು.

ಅಮೆರಿಕದ ವರ್ಮಾಂಟ್‌ನಲ್ಲಿ ವಿಲ್ಸನ್ ಬೆಂಟ್ಲಿ ಅಂತ ಒಬ್ಬ ರೈತ ಇದ್ದ. 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹಿಮದ ಹರಳಿನ ಫೋಟೋ ತೆಗೆದ. ಆಮೇಲೆ ಬದುಕಿಡೀ ಚಳಿಗಾಲ ಬಂದಾಗಲೆಲ್ಲ ಅದೇ ಕೆಲಸ, 5,000ಕ್ಕೂ ಜಾಸ್ತಿ ಫೋಟೋ. ತನ್ನ ಊರು ಬಿಟ್ಟು ಎಲ್ಲೂ ಹೋಗಬೇಕಾಗಲಿಲ್ಲ. ಕಪ್ಪು ಉಣ್ಣೆ ಬಟ್ಟೆಯ ತುಂಡು ಹಿಡಿದು ಹಿಮ ಬೀಳುವಾಗ ಹೊರಗೆ ನಿಲ್ಲು, ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಆರು ತೋಳು. ಅದನ್ನು ಬರೆಯದೆ ಇರಲು ನಿನ್ನಿಂದ ಆಗುವುದಿಲ್ಲ, ನನಗೆ ಗೊತ್ತು.

ವಾರದ ಕೊನೆಗೆ ನೂಕ್ಸಿಯೊ ರಾಷ್ಟ್ರೀಯ ಉದ್ಯಾನಕ್ಕೆ ಹೋಗು. ಎಸ್ಪೂ ಊರೊಳಗಿಂದಲೇ ಬಸ್ ಇದೆ. ಫಿನ್‌ಲೆಂಡಿನಲ್ಲಿ ಕಾಡು ಯಾರದ್ದೇ ಇರಲಿ, ಹಾಳು ಮಾಡದೆ ಯಾರು ಬೇಕಾದರೂ ನಡೆಯಬಹುದು, ಬೇಸಿಗೆಯಲ್ಲಿ ಹಣ್ಣು, ಅಣಬೆ ಆಯಬಹುದು. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಹಕ್ಕು ಯಾರದ್ದು ಅಂತ ಜಗಳ ಆಡುವ ಊರಿನಿಂದ ಹೋದ ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸಿತ್ತು. ನೂಕ್ಸಿಯೊದ ಲಾಂಛನ ಹಾರುವ ಅಳಿಲು. ನಮ್ಮ ಕಾಡಿನ ಹಾರುಬೆಕ್ಕಿನ ನೆಂಟ ಅನ್ನು, ಆದರೆ ಅಂಗೈಯಷ್ಟೇ ಇರುತ್ತದೆ. ಕಾಣುವುದು ಕಷ್ಟ. ಆಸ್ಪೆನ್ ಮರದ ಬುಡದಲ್ಲಿ ಹಳದಿ ಹಿಕ್ಕೆ ಬಿದ್ದಿದ್ದರೆ ಅದು ಅಲ್ಲಿದೆ ಅಂತ ಲೆಕ್ಕ. ಸ್ಪ್ರೂಸ್ ಮರಗಳ ನಡುವೆ ಸಣ್ಣದಾಗಿ ಸೀ ಸೀ ಅಂತ ಕೇಳಿದರೆ ನಿಂತುಬಿಡು. ಗೋಲ್ಡ್‌ಕ್ರೆಸ್ಟ್ ಅನ್ನುವ ಹಕ್ಕಿ. ತೂಕ ಐದಾರು ಗ್ರಾಂ ಅಷ್ಟೇ. ಹಗಲಿಡೀ ತಿನ್ನುತ್ತಲೇ ಇರಬೇಕು, ರಾತ್ರಿ ಒಂದಕ್ಕೊಂದು ಒತ್ತಿಕೊಂಡು ಕೂತು ಬೆಳಗು ಕಾಣಬೇಕು. ಎಷ್ಟೋ ಗೋಲ್ಡ್‌ಕ್ರೆಸ್ಟ್‌ಗಳು ದಕ್ಷಿಣಕ್ಕೆ ಹೋಗುತ್ತವೆ, ಕೆಲವು ಅಲ್ಲೇ ಉಳಿಯುತ್ತವೆ. ಉಳಿದವನ್ನು ನೋಡುತ್ತಾ ನಿಂತಾಗ ನನ್ನ ದೂರುಗಳು ತಾವಾಗೇ ಸಣ್ಣವಾಗಿವೆ.

ಒಂದು ಎಚ್ಚರಿಕೆ. ಕೆರೆ, ಸಮುದ್ರ ಹೆಪ್ಪುಗಟ್ಟಿತು ಅಂತ ಒಬ್ಬಳೇ ಕಾಲಿಡಬೇಡ. ಒಬ್ಬರು ನಡೆಯಲು ಗಟ್ಟಿ ಐಸ್ ಐದು ಸೆಂಟಿಮೀಟರ್ ಆದರೂ ಬೇಕು ಅನ್ನುತ್ತಾರೆ. ನೀನು ಹತ್ತಾಗುವವರೆಗೆ ದಡದಲ್ಲೇ ಇರು. ಹೊಳೆ ಸೇರುವ ಕಡೆ, ಸೇತುವೆ ಕೆಳಗೆ, ಜೊಂಡಿನ ಹತ್ತಿರ ಯಾವಾಗಲೂ ತೆಳು. ತುಂಗೆಯ ಮಡುವಿಗೆ ಹೇಗೆ ಹೆದರುತ್ತೇವೋ ಹಾಗೇ ಹೆದರಬೇಕು.

ನನಗೆ ಇದರಿಂದ ಏನು ಸಿಕ್ಕಿತು ಅಂತ ನೀನು ಕೇಳಬಹುದು. ನಾನು ಚಿತ್ರ ಬರೆಯುವವಳಲ್ಲ. ಒಂದು ನೋಟ್‌ಬುಕ್ ಇಟ್ಟೆ. ದಿನಾಂಕ, ಎಷ್ಟು ಚಳಿ, ಕಂಡ ಒಂದು ವಿಷಯ. ಅಷ್ಟೇ. ಬರೆಯಬೇಕಲ್ಲ ಅಂತ ನೋಡಲು ಶುರು ಮಾಡಿದೆ, ನೋಡುತ್ತಾ ನೋಡುತ್ತಾ ತಾಳ್ಮೆ ಬಂತು. ಒಬ್ಬಳೇ ಇರುವುದಕ್ಕೆ ಇದ್ದ ಭಯ ಹೋಯಿತು. ಫೆಬ್ರವರಿಯಲ್ಲಿ ಹಗಲು ದಿನಕ್ಕೆ ಐದು ನಿಮಿಷದಷ್ಟು ಬೆಳೆಯುತ್ತದೆ. ಆ ಐದು ನಿಮಿಷ ಕಣ್ಣಿಗೆ ಕಾಣುವಷ್ಟು ಸೂಕ್ಷ್ಮ ನನಗೆ ಬಂದದ್ದು ಆ ನೋಟ್‌ಬುಕ್‌ನಿಂದ. ಜನವರಿಯ ಬಿಸಿಲಿಗೇ ಗ್ರೇಟ್ ಟಿಟ್ ಹಕ್ಕಿ ಹಾಡು ಶುರು ಮಾಡುತ್ತದೆ. ಸುತ್ತ ಹಿಮ ಇರುವಾಗಲೇ. ಅದಕ್ಕೆ ಬೇಕಾದ್ದು ಬೆಳಕು ಜಾಸ್ತಿಯಾಗುವುದು, ಚಳಿ ಹೋಗುವುದಲ್ಲ.

ಇನ್ನೊಂದು ಲಾಭ ನಾನು ಎಣಿಸದೇ ಇದ್ದದ್ದು. ಆ ಕಣ್ಣು ಊರಿಗೂ ಬಂತು. ಇವತ್ತು ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ, ಹಿತ್ತಲ ಬೇಲಿಯಲ್ಲಿ ಟಕ್ ಟಕ್ ಅಂತ ಸದ್ದು. ಕಂದು ಬಣ್ಣದ ತೆಳ್ಳನೆಯ ಹಕ್ಕಿ. ಬ್ಲೈತ್ಸ್ ರೀಡ್ ವಾರ್ಬ್ಲರ್. ಇದು ಜೂನ್‌ನಲ್ಲಿ ಫಿನ್‌ಲೆಂಡಿನ ಪೊದೆಗಳಲ್ಲಿ ರಾತ್ರಿಯಿಡೀ ಬೇರೆ ಹಕ್ಕಿಗಳ ದನಿ ಅಣಕಿಸುತ್ತಾ ಹಾಡುವ ಜಾತಿ, ಅಲ್ಲೇ ಮರಿ ಮಾಡುತ್ತದೆ. ಚಳಿಗಾಲ ಕಳೆಯಲು ಭಾರತಕ್ಕೆ ಬರುತ್ತದೆ. ಚಿಕ್ಕಂದಿನಲ್ಲಿ ಈ ಬೇಲಿಯ ಪಕ್ಕದಲ್ಲೇ ಆಡಿದ್ದೇವೆ, ಈ ಸದ್ದು ಆಗಲೂ ಇತ್ತು. ಅದಕ್ಕೆ ಕಿವಿ ಕೊಡುವುದನ್ನು ನನಗೆ ಕಲಿಸಿದ್ದು ಲಾಯಲಹ್ತಿಯ ಚಳಿ. ಅಡಿಕೆ ಕೊನೆ ಕೊಯ್ಯುವವರಿಗೂ ತೋರಿಸಿದೆ. "ಅಷ್ಟು ದೂರದಿಂದ ಇದಾ?" ಅಂತ ಕೆಲಸ ಬಿಟ್ಟು ನೋಡುತ್ತಾ ನಿಂತರು.

ಆದ್ದರಿಂದ ವಾಪಸ್ ಹೋಗುವ ಮಾತು ಈಗ ಬೇಡ ಮಾರಾಯ್ತಿ. ಮಾರ್ಚ್ ನೋಡಿ ಆಮೇಲೆ ತೀರ್ಮಾನ ಮಾಡು. ನಾನು ಎಳ್ಳಮಾವಾಸ್ಯೆ ಜಾತ್ರೆ ಮುಗಿಸಿಕೊಂಡು ಹೊರಡುತ್ತೇನೆ. ಬಂದ ಮೊದಲ ಶನಿವಾರ ನೂಕ್ಸಿಯೊಗೆ ಹೋಗೋಣ. ಅಲ್ಲಿ ಬೆಂಕಿ ಹಾಕುವ ಜಾಗ, ಸೌದೆ ಎಲ್ಲ ಇರುತ್ತದೆ, ಬುತ್ತಿ ನಾನು ತರುತ್ತೇನೆ. ಅಷ್ಟರಲ್ಲಿ ಎಲೆ ಉದುರಿದ ಒಂದೇ ಒಂದು ಮರವನ್ನು ಬೇರೆ ಬೇರೆ ದಿನ ಬರೆದಿಡು, ಚೆನ್ನಾಗಿ ಬಂದಿಲ್ಲ ಅಂತ ಹರಿಯಬೇಡ, ನನಗೆ ಎಲ್ಲ ನೋಡಬೇಕು. ಮಿಡಿ ಉಪ್ಪಿನಕಾಯಿ, ತೊಡೆದೇವು ಹೇಗೂ ತರುತ್ತಿದ್ದೇನೆ. ನಿಮ್ಮ ಮನೆಯಿಂದ ಇನ್ನೇನಾದರೂ ಬೇಕಿದ್ದರೆ ಅಮ್ಮನಿಗೆ ಹೇಳಿ ತೀರ್ಥಹಳ್ಳಿಗೆ ಕಳಿಸಿಕೊಡು.