ಹಳೇ ಕಂಪ್ಯೂಟರ್ ಬದಲಿಸೋ ಮೊದಲು ಅದು ಎಲ್ಲಿ ತಡೀತಿದೆ ನೋಡಿ

ನೀವು ಕೇಳಿರೋದು ಇದು: ಮನೆಯಲ್ಲಿ 2014ರ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10 ಇದೆ, ಆನ್ ಆಗೋಕೆ ಐದಾರು ನಿಮಿಷ ಬೇಕು. ಮಗಳು ಪಿಯುಸಿ ಓದ್ತಿದ್ದಾಳೆ. ಅಂಗಡಿಯವರು ಹೊಸದೇ ತಗೊಳ್ಳಿ ಅಂತಿದ್ದಾರೆ. ಏನು ಮಾಡಲಿ?

ಸದ್ಯಕ್ಕೆ ಹೊಸದು ಬೇಡ. ಹಾರ್ಡ್ ಡಿಸ್ಕ್ ಜಾಗಕ್ಕೆ, ಮೆಮೊರಿ ಚಿಪ್ ಮೇಲೆ ಫೈಲು ಇಡೋ ಹೊಸ ಥರದ ಡಿಸ್ಕ್, ಅಂದರೆ ಒಂದು ಎಸ್‌ಎಸ್‌ಡಿ ಹಾಕಿಸಿ. ರ‍್ಯಾಮ್ 8 ಜಿಬಿ ಇಲ್ಲದಿದ್ದರೆ ಅಷ್ಟು ಮಾಡಿಸಿ. ಒಳಗಿನ ಧೂಳು ತೆಗೆಸಿ. ನಮ್ಮ ಮನೆಯ ಕಂಪ್ಯೂಟರ್ ಕೂಡ 2014ರದ್ದೇ. ಇದನ್ನು ಅದರಲ್ಲೇ ಟೈಪ್ ಮಾಡ್ತಿದ್ದೀನಿ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿದ್ದೀನಿ.

ನಮ್ಮದು ದಾವಣಗೆರೆ. ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ. ನಾನು ಹಗಲು ಮಂಡಿಪೇಟೆಯಲ್ಲಿ ಲೆಕ್ಕ ಬರೆಯೋ ಕೆಲಸಕ್ಕೆ ಹೋಗ್ತೀನಿ. ಸಂಜೆ ಮನೆಯಲ್ಲಿ ಮದುವೆ ಪತ್ರಿಕೆ, ಬಿಲ್ ಬುಕ್ಕು, ಕರಪತ್ರ ಇಂಥವುಗಳ ಡಿಟಿಪಿ ಮಾಡ್ತೀನಿ. ಅವ್ವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡ್ತಾಳೆ. ಈ ಬಿಸಿಯೂಟದ ಯೋಜನೆ, ಅಕ್ಷರ ದಾಸೋಹ, ಮೊದಲು ಶುರುವಾಗಿದ್ದು 2002ರ ಜೂನ್‌ನಲ್ಲಿ, ಕಲಬುರಗಿ, ರಾಯಚೂರು ಕಡೆಯ ಏಳು ಜಿಲ್ಲೆಗಳಲ್ಲಿ. ಮಾರನೇ ವರ್ಷ ನಮ್ಮ ಕಡೆಗೂ ಬಂತು. ಅವ್ವ ಆಗಲೇ ಸೇರಿದ್ದು. ನಾನಾಗ ಮೂರನೇ ಕ್ಲಾಸು, ಅದೇ ಶಾಲೆ. ತಟ್ಟೆ ಹಿಡಿದು ಸಾಲಲ್ಲಿ ನಿಂತರೆ ಬಡಿಸೋಳು ಅವ್ವನೇ. ನನಗೇನೂ ಜಾಸ್ತಿ ಹಾಕ್ತಿರಲಿಲ್ಲ. ಎಲ್ಲರಿಗೂ ಅದೇ ಸೌಟು.

ಈ ಕಂಪ್ಯೂಟರ್ ಕೊಂಡಿದ್ದು ಅವಳೇ. 2014ರಲ್ಲಿ ನಾನು ಡಿಗ್ರಿಗೆ ಸೇರಿದಾಗ ಸ್ತ್ರೀ ಶಕ್ತಿ ಸಂಘದಲ್ಲಿ ಸಾಲ ಎತ್ತಿ ಕೊಡಿಸಿದಳು. ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಾರಕ್ಕೊಮ್ಮೆ ಕಂತು ಕಟ್ಟಿ ತೀರಿಸೋಕೆ ಎರಡು ವರ್ಷ ಹಿಡೀತು. ಅಂಥದ್ದನ್ನು ನಿಧಾನ ಆಯ್ತು ಅಂತ ಸುಮ್ನೆ ಮೂಲೆಗೆ ಹಾಕೋಕೆ ಕೈ ಬರಲ್ಲ, ಅಲ್ವಾ?

2019ರ ಹೊತ್ತಿಗೆ ಅದು ತುಂಬಾ ನಿಧಾನ ಆಗಿತ್ತು. ರ‍್ಯಾಮ್ ಹಾಕಿದರೆ ಸರಿ ಹೋಗುತ್ತೆ ಅಂತ ಯಾರೋ ಅಂದರು. ಹೋಗಿ ತಂದೆ. ಅದು ಹೊಸ ತಲೆಮಾರಿನ ಡಿಡಿಆರ್4, ನನ್ನ ಮದರ್‌ಬೋರ್ಡಿಗೆ ಬೇಕಾಗಿದ್ದು ಅದರ ಹಿಂದಿನ ಡಿಡಿಆರ್3. ಕೆಳಗಡೆ ಒಂದು ಸಣ್ಣ ಕಚ್ಚು ಇರುತ್ತೆ ನೋಡಿ, ಎರಡರಲ್ಲೂ ಅದು ಬೇರೆ ಬೇರೆ ಜಾಗದಲ್ಲಿರುತ್ತೆ. ಒತ್ತಿದರೂ ಕೂರಲ್ಲ, ಒತ್ತಲೂ ಬಾರದು. ಮತ್ತೆ ಹೋಗಿ ಬದಲಿಸಿಕೊಂಡು ಬಂದು 8 ಜಿಬಿ ಮಾಡಿದೆ. ನಾಲ್ಕಾರು ಫೈಲು ಒಟ್ಟಿಗೆ ತೆರೆದಾಗ ಮೊದಲಿನಷ್ಟು ಒದ್ದಾಡಲಿಲ್ಲ, ನಿಜ. ಆದರೆ ಆನ್ ಆಗೋಕೆ ಮಾತ್ರ ಅಷ್ಟೇ ಹೊತ್ತು. ಬೇರೊಂದು ಅಂಗಡಿಗೆ ಹೊತ್ತುಕೊಂಡು ಹೋದೆ. ಬಿಚ್ಚಿಯೂ ನೋಡದೆ, ಇದು ಹಳೇ ಮಾಲು, ಹೊಸದು ತಗೊಳ್ಳಿ ಅಂದರು. ಮನೆಗೆ ಬಂದು ಹೇಳಿದರೆ ಅವ್ವ ಒಂದೇ ಮಾತು ಕೇಳಿದಳು: "ಒಲೆ ಉರೀತೈತೋ ಇಲ್ಲೋ ಅಂತ ಬಗ್ಗಿ ನೋಡದೇ ಹಂಡೆ ಬದಲಿಸು ಅಂದ್ರೇನಪ್ಪಾ ಅವರು?"

ಅವಳ ಶಾಲೆಯ ಅಡುಗೆ ಮನೆಯನ್ನೇ ಇಟ್ಟುಕೊಂಡು ಹೇಳಿದರೆ ನಿಮಗೆ ಬೇಗ ಅರ್ಥ ಆಗುತ್ತೆ. ಶುರುವಿನಲ್ಲಿ ಅಡುಗೆ ಶಾಲೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಗ್ತಿತ್ತು. ಅಕ್ಕಿ, ಬೇಳೆ, ಎಣ್ಣೆ ಇದ್ದಿದ್ದು ಮೈದಾನದ ಆ ಕಡೆಯ ಕೋಣೆಯಲ್ಲಿ. ಬೀಗದ ಕೈ ಹೆಡ್‌ಮಾಸ್ಟರ್ ಹತ್ತಿರ. ಒಲೆ ಎಷ್ಟು ಜೋರಾಗಿ ಉರಿದರೇನು, ಬೇಳೆ ಬರೋ ತನಕ ಎಸರು ಸುಮ್ನೆ ಕುದೀತಾ ಇರುತ್ತೆ. ನಮ್ಮ ಹಳೇ ಕಂಪ್ಯೂಟರಲ್ಲಿ ಆಗೋದು ಇದೇ. ಪ್ರೊಸೆಸರ್ ಅನ್ನೋದು ಒಲೆ. ರ‍್ಯಾಮ್ ಅಂದರೆ ಒಲೆ ಪಕ್ಕದ ಕಟ್ಟೆ, ಕೈಗೆ ಬೇಕಾದ್ದೆಲ್ಲ ಹರವಿಕೊಳ್ಳೋ ಜಾಗ. ಹಾರ್ಡ್ ಡಿಸ್ಕ್ ಅಂದರೆ ಮೈದಾನದ ಆಚೆಯ ಕೋಣೆ. ನಾನು ಮಾಡಿದ್ದು ಕಟ್ಟೆ ದೊಡ್ಡದು ಮಾಡಿಸೋ ಕೆಲಸ. ತಡೀತಿದ್ದಿದ್ದು ಆ ಕೋಣೆಯಲ್ಲಿ.

ಹಾರ್ಡ್ ಡಿಸ್ಕ್ ಒಳಗೆ ನಿಜವಾಗಲೂ ಒಂದು ತಟ್ಟೆ ತಿರುಗ್ತಿರುತ್ತೆ. ಡೆಸ್ಕ್‌ಟಾಪಿನದು ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು. ಅಂದರೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಓದೋ ಮುಳ್ಳು ಸರಿಯಾದ ಜಾಗಕ್ಕೆ ಹೋಗಬೇಕು, ಬೇಕಾದ ತುಂಡು ಅದರ ಕೆಳಗೆ ಬರೋ ತನಕ ಕಾಯಬೇಕು. ಒಂದು ಸಲಕ್ಕೆ ಅದು ಏನೂ ಅಲ್ಲ. ಆದರೆ ವಿಂಡೋಸ್ ಆನ್ ಆಗುವಾಗ ಸಾವಿರಾರು ಸಣ್ಣ ಸಣ್ಣ ಫೈಲು ಓದುತ್ತೆ. ಸಾವಿರ ಸಲ ಮೈದಾನ ದಾಟಿದಂಗೆ ಅದು. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ, ಎಲ್ಲ ಮೆಮೊರಿ ಚಿಪ್. ಅದಕ್ಕೇ ಅಷ್ಟು ವ್ಯತ್ಯಾಸ.

ನಿಮ್ಮದರಲ್ಲೂ ಇದೇ ತೊಂದರೆಯಾ ಅಂತ ನೀವೇ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್ ಅಂತ ಇರುತ್ತೆ. ಕಂಪ್ಯೂಟರ್ ತಡಕಾಡುವಾಗ ಡಿಸ್ಕ್ 100 ಪರ್ಸೆಂಟ್‌ಗೆ ಅಂಟಿಕೊಂಡಿದ್ದು, ಸಿಪಿಯು ಇಪ್ಪತ್ತು ಮೂವತ್ತರಲ್ಲಿ ತಣ್ಣಗೆ ಕೂತಿದ್ದರೆ ರೋಗ ಗೊತ್ತಾಯ್ತು ಅನ್ನಿ. ಮೆಮೊರಿ ತುಂಬಿ ತುಳುಕ್ತಿದ್ದರೆ ರ‍್ಯಾಮ್ ಕೂಡ ಬೇಕು.

ನಾನು ಎಸ್‌ಎಸ್‌ಡಿ ಹಾಕಿಸಿದ್ದು 2020ರಲ್ಲಿ. ಅದಕ್ಕೆ ಕಾರಣ ಮಕ್ಕಳು. ಕೊರೊನಾ ಬಂದು ಶಾಲೆ ಮುಚ್ಚಿತು. ಬಿಸಿಯೂಟವೂ ನಿಂತಿತು. ಅಡುಗೆ ಬದಲು ಮಕ್ಕಳ ಮನೆಗೆ ಅಕ್ಕಿ, ಬೇಳೆ ಕೊಡೋಕೆ ಶುರು ಮಾಡಿದರು. ಪಾಠ ಫೋನಲ್ಲಿ ಅಂದರು. ನಮ್ಮ ಓಣಿಯಲ್ಲಿ ಎಷ್ಟು ಮನೆಯಲ್ಲಿ ಫೋನಿತ್ತು? ಇದ್ದರೂ ಅಪ್ಪ ಅದನ್ನು ಕೆಲಸಕ್ಕೆ ತಗೊಂಡು ಹೋಗ್ತಿದ್ದ. ಅವ್ವ ನಾಲ್ಕು ಮಕ್ಕಳನ್ನು ಕರಕೊಂಡು ಬಂದು ಈ ಕಂಪ್ಯೂಟರ್ ಮುಂದೆ ಕೂರಿಸಿದಳು. ಎರಡು ದಿನದಲ್ಲಿ ಏಳು ಮಕ್ಕಳಾದರು. ಮೂತಿಗೆ ಟವಲ್ಲು ಕಟ್ಟಿಕೊಂಡು ಚಾಪೆ ಮೇಲೆ ದೂರ ದೂರ ಕೂರ್ತಿದ್ದರು. ಹತ್ತಕ್ಕೆ ಪಾಠ ಅಂದರೆ ಒಂಬತ್ತೂ ಮುಕ್ಕಾಲಿಗೇ ಸ್ವಿಚ್ ಹಾಕಬೇಕು. ನಡುವೆ ನಿಂತುಬಿಟ್ಟರೆ ಮತ್ತೆ ಮೊದಲಿಂದ. ಅಷ್ಟರಲ್ಲಿ ಮಕ್ಕಳ ಗಮನ ಬೇರೆ ಕಡೆ ಹೋಗಿರ್ತಿತ್ತು.

ಮಧ್ಯಾಹ್ನ ಆದರೆ ಅವಕ್ಕೆ ಹಸಿವು. ಶಾಲೆ ಇದ್ದಿದ್ದರೆ ಅದು ಊಟದ ಬೆಲ್ಲಿನ ಹೊತ್ತು. ಅವ್ವನ ಕೈ ಸುಮ್ನಿರ್ತಿರಲಿಲ್ಲ. ಮಂಡಕ್ಕಿ ಒಗ್ಗರಣೆ ಮಾಡ್ತಿದ್ದಳು. ದಾವಣಗೆರೆ ಅಂದ ಕೂಡಲೇ ಎಲ್ಲರೂ ಬೆಣ್ಣೆ ದೋಸೆ ಅಂತಾರೆ. ಅದರ ರುಚಿ ದೊಡ್ಡದೇ, ಆದರೆ ಹೋಟೆಲಿಗೆ ಹೋಗಿ ಕಾವಲಿಯಿಂದ ಇಳಿದ ಕೂಡಲೇ ತಿನ್ನಬೇಕು. ಮನೆಯಲ್ಲಿ ಹಸಿವಾದಾಗ, ಬೇಜಾರಾದಾಗ, ಮಳೆ ಬಂದಾಗ ನಮಗೆ ಮಂಡಕ್ಕಿನೇ. ಅಗಲವಾದ ಪಾತ್ರೆಯ ನೀರಿಗೆ ಮಂಡಕ್ಕಿ ಸುರಿದು, ಮೆತ್ತಗಾಗೋಕೆ ಬಿಡದೆ ಎರಡೂ ಕೈಯಲ್ಲಿ ಬಾಚಿ ಹಿಂಡಿ ತೆಗೀತಾಳೆ. ಅಷ್ಟೊತ್ತಿಗೆ ಬಾಂಡ್ಲಿಯಲ್ಲಿ ಸಾಸಿವೆ, ಶೇಂಗಾ, ಕರಿಬೇವು ಸಿಡಿದಿರುತ್ತೆ. ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿದ ಮೇಲೆ ಅರಿಶಿನ, ಉಪ್ಪು. ಮಂಡಕ್ಕಿ ಹಾಕಿ ತಿರುವಿ, ಮೇಲೆ ಪುಟಾಣಿ ಹಿಟ್ಟು ಉದುರಿಸ್ತಾಳೆ. ಕೊನೆಗೆ ನಿಂಬೆಹುಳಿ. ಪುಟಾಣಿ ಹಿಟ್ಟು ಹಾಕದಿದ್ದರೆ ಅದು ಮಂಡಕ್ಕಿ ಒಗ್ಗರಣೆ ಅನ್ನೋದನ್ನೇ ನಾನು ಒಪ್ಪಲ್ಲ. ನೆಂದ ಮಂಡಕ್ಕಿಯ ನೀರನ್ನೆಲ್ಲ ಹಿಡಿದು ಅದನ್ನು ಉದುರುದುರಾಗಿ ಮಾಡೋದು ಅದೇ.

ಒಂದು ಹುಡುಗಿ, ಐದನೇ ಕ್ಲಾಸಿನವಳು, ತಿಂದು ತಟ್ಟೆ ತೊಳೆದಿಟ್ಟು ಕೇಳಿದಳು: "ಆಂಟಿ, ಶಾಲೆ ಸಾರು ಯಾವಾಗ ಮಾಡ್ತೀರಿ?" ಅವ್ವ ಆ ದಿನ ಸಂಜೆ ತನಕ ಮಾತಾಡಲಿಲ್ಲ. ಆ ಸಾರು ನನಗೂ ಗೊತ್ತು. ತೆಳ್ಳಗೆ, ತೊಗರಿಬೇಳೆ ಪೂರ್ತಿ ಕರಗಿ, ಒಳಗೆ ಕುಂಬಳಕಾಯಿ ತುಂಡು. ಈಗಲೂ ಜ್ವರ ಬಂದರೆ ನನಗೆ ಅದೇ ಬೇಕು ಅನ್ಸುತ್ತೆ. ಮನೆಯಲ್ಲಿ ಅದೇ ಕೈಯಿಂದ, ಅದೇ ಪುಡಿ ಹಾಕಿ ಮಾಡಿದರೂ ಆ ರುಚಿ ಬರಲ್ಲ. ನೂರೈವತ್ತು ಮಕ್ಕಳಿಗೆ ಅಂತ ಕುದ್ದ ಸಾರು ನಾಲ್ಕು ಜನರ ಪಾತ್ರೆಯಲ್ಲಿ ಹುಟ್ಟಲ್ಲ.

ಆ ವಾರವೇ ಹೋಗಿ 240 ಜಿಬಿ ಎಸ್‌ಎಸ್‌ಡಿ ತಂದೆ. ಆಗ ಎರಡೂವರೆ ಸಾವಿರದ ಹತ್ತಿರ ಆಯ್ತು. ಈಗ ಮೆಮೊರಿ ಬೆಲೆ ಮೇಲೆ ಹೋಗಿದೆ, ಎರಡು ಮೂರು ಕಡೆ ಕೇಳಿ ತಗೊಳ್ಳಿ. ನಾನೇ ಬಿಚ್ಚಿದೆ. ಅದರ ಒಳಗೆ ನೋಡಬೇಕಿತ್ತು ನೀವು. ನಮ್ಮ ಕಂಪ್ಯೂಟರ್ ಅಡುಗೆ ಮನೆ ಬಾಗಿಲ ಪಕ್ಕ ಇರೋದು. ಆರು ವರ್ಷದ ಒಗ್ಗರಣೆ ಹೊಗೆಯ ಜಿಡ್ಡು, ಅದರ ಮೇಲೆ ಭಟ್ಟಿ ಕಡೆಯಿಂದ ಬಂದ ಭತ್ತದ ಹೊಟ್ಟಿನ ಧೂಳು. ಎರಡೂ ಸೇರಿ ಫ್ಯಾನಿನ ರೆಕ್ಕೆ ಮೇಲೆ ಕಂಬಳಿ ಹೊದಿಸಿದಂಗೆ ಕೂತಿತ್ತು. ಪ್ರೊಸೆಸರ್ ಬಿಸಿಯನ್ನು ಹೊರಗೆ ದಾಟಿಸೋಕೆ ಅದರ ಮೇಲೆ ಹಚ್ಚಿರೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆ ಆಗಿತ್ತು. ಒಣಗಿದ ಪೇಂಟಿಂಗ್ ಬ್ರಶ್ಶಿನಿಂದ ಮೆಲ್ಲಗೆ ಗುಡಿಸಿದೆ. ಹಳೇ ಪೇಸ್ಟ್ ಒರೆಸಿ, ಕಡಲೆಕಾಳಿನಷ್ಟು ಹೊಸದು ಇಟ್ಟು ಮತ್ತೆ ಕೂರಿಸಿದೆ. ಫ್ಯಾನಿನ ಸದ್ದು ಅರ್ಧ ಕಮ್ಮಿ ಆಯ್ತು.

ನೀವು ಮಾಡಿಸುವಾಗ ಕೆಲವು ಮಾತು ನೆನಪಿಟ್ಟುಕೊಳ್ಳಿ. ಮೊದಲು ಫೋಟೋ, ಮಾರ್ಕ್ಸ್ ಕಾರ್ಡು ಎಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ನಿಮ್ಮ ಬೋರ್ಡಿನಲ್ಲಿ ಡಿಸ್ಕಿನ ಕೇಬಲ್ ಸಿಕ್ಕಿಸೋ ಸಾಟಾ ಕಿಂಡಿಗಳು ವೇಗದಲ್ಲಿ ಎರಡು ಥರ ಇರಬಹುದು, ಎಸ್‌ಎಸ್‌ಡಿಯನ್ನು 6 ಜಿಬಿಪಿಎಸ್ ಇರೋದಕ್ಕೇ ಹಾಕಿಸಿ. ಹಳೇ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಫೋಟೋ ಇಡೋಕೆ ಒಳಗೇ ಬಿಡಿ. ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗ್ತಿದೆ, ವೆಬ್‌ಸೈಟು ತೆರೆಯಲ್ಲ ಅಂತಿದ್ದರೆ ಗಾಬರಿ ಬೇಡ, ಬೋರ್ಡಿನ ಮೇಲಿರೋ ಸಿಆರ್2032 ಅನ್ನೋ ಬಿಲ್ಲೆ ಸೆಲ್ ಸತ್ತಿರುತ್ತೆ. ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತೆ.

ಇನ್ನು ವಿಂಡೋಸ್ ವಿಚಾರ. ಇದನ್ನು ಹಗುರವಾಗಿ ತಗೋಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಸರು ನೋಂದಾಯಿಸಿಕೊಂಡವರಿಗೆ ಸುರಕ್ಷತೆಯ ಅಪ್‌ಡೇಟ್ ಆ ತಾರೀಖಿನಿಂದ ಇನ್ನೊಂದು ವರ್ಷ ಸಿಗೋ ಹಾಗೆ ಮಾಡಿದ್ದಾರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನೋ ಸುರಕ್ಷತೆಯ ವ್ಯವಸ್ಥೆ ಕಂಪ್ಯೂಟರಲ್ಲೇ ಇರಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದೇ ಆಗಬೇಕು. 2014ರದ್ದು ಆ ಸಾಲಿಗೆ ಬರಲ್ಲ. ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡೆ. ದುಡ್ಡು ಕೊಡೋ ಹಾಗಿಲ್ಲ, 8 ಜಿಬಿಯಲ್ಲಿ ಸಲೀಸಾಗಿ ಓಡುತ್ತೆ. ಕನ್ನಡ ಯೂನಿಕೋಡ್ ಟೈಪಿಂಗ್‌ಗೆ ಕೆಜಿಪಿ ಅನ್ನೋ ಕೀಲಿಮಣೆ ವಿನ್ಯಾಸವೂ ಸಿಗುತ್ತೆ, ನುಡಿ ತಂತ್ರಾಂಶ ರೂಢಿ ಇದ್ದವರಿಗೆ ಕೈ ಬದಲಾಗಲ್ಲ. ಒಂದು ತೊಂದರೆ ಇದೆ: ಹಳೇ ನುಡಿ ಫಾಂಟಲ್ಲಿ ಮಾಡಿದ ಫೈಲುಗಳನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು. ನನಗೆ ಅದಕ್ಕೇ ಒಂದು ತಿಂಗಳ ಸಂಜೆಗಳು ಹೋದವು.

ಮಗಳು ಪಿಯುಸಿ ಅಂದರಲ್ಲ. ನೋಟ್ಸ್ ನೋಡೋಕೆ, ವಿಡಿಯೋ ಪಾಠ ಕೇಳೋಕೆ, ಪ್ರಾಜೆಕ್ಟ್ ಟೈಪ್ ಮಾಡೋಕೆ ಇಷ್ಟು ಸಾಕು. ಮುಂದೆ ಅವಳು ಇಂಜಿನಿಯರಿಂಗಿಗೋ ಆರ್ಕಿಟೆಕ್ಚರಿಗೋ ಹೋದರೆ ಆಗ ಲ್ಯಾಪ್‌ಟಾಪ್ ಬೇಕಾಗುತ್ತೆ. ಆ ಕೋರ್ಸಿಗೆ ಏನು ಬೇಕು ಅಂತ ಕೇಳಿಕೊಂಡು ಆಗಲೇ ತಗೊಳ್ಳಿ. ಈಗ ತಗೊಂಡಿದ್ದು ಆಗ ಸಾಲದೇ ಹೋಗಬಹುದು. ಮದರ್‌ಬೋರ್ಡೇ ಹೋಗಿದ್ದರೆ, ಅಥವಾ ಡಿಡಿಆರ್2 ಕಾಲದ ಮಷಿನ್ ಆಗಿದ್ದರೆ ಮಾತ್ರ ಅದಕ್ಕೆ ದುಡ್ಡು ಸುರೀಬೇಡಿ.

ನಮ್ಮ ಕಂಪ್ಯೂಟರಿಗೆ ಈಗ ಸಂಜೆ ಇನ್ನೊಂದು ಕೆಲಸ ಸೇರಿದೆ. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಆರರಿಂದ ಎಂಟಕ್ಕೆ 150 ಗ್ರಾಂ, 30 ಗ್ರಾಂ. ಅವ್ವನಿಗೆ ಆ ಲೆಕ್ಕ ಒಂದು ಹಾಳೆಯಲ್ಲಿ ಮಾಡಿಕೊಟ್ಟಿದ್ದೀನಿ. ಅವತ್ತಿನ ಹಾಜರಿ ಹಾಕಿದರೆ ಖರ್ಚು ತಾನೇ ಬರುತ್ತೆ. ಚಿಕ್ಕವರು 112, ದೊಡ್ಡವರು 64 ಅಂದರೆ ಅಕ್ಕಿ 20 ಕೆಜಿ 800 ಗ್ರಾಂ. ಮೂಟೆ ಎಷ್ಟು ದಿನಕ್ಕೆ ಬರುತ್ತೆ ಅಂತ ಅವಳೇ ನೋಡಿಕೊಳ್ತಾಳೆ. ಮೊದಲೆಲ್ಲ ಸ್ವಿಚ್ ಹಾಕಿ, ಮಂಡಕ್ಕಿ ಮಾಡಿ, ತಿಂದು ಕೈ ತೊಳೆದು ಬರೋ ಹೊತ್ತಿಗೆ ತೆರೆ ಬರ್ತಿತ್ತು. ಈಗ ನೀರಿಂದ ಮಂಡಕ್ಕಿ ಹಿಂಡಿ ತೆಗೆಯೋದರೊಳಗೆ ಬಂದುಬಿಡುತ್ತೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಂದೇ ಬೆರಳಲ್ಲಿ 112 ಅಂತ ಒತ್ತುತ್ತಾಳೆ.